ವಂಡರ್‌ಲಾಗೆ ಹೋಗುವ ಮುಂಚೆ ಬಿಡದಿಯಲ್ಲಿ ಇಳಿಯಿರಿ

ಮಂಡ್ಯದ ಒಂದು ಅಕ್ಕಿ ಗಿರಣಿಯಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಜಾತ್ರೆಗೆ ಹೋದರೂ ಬಿಲ್ಲು ಮಡಚಿ ಪರ್ಸಿಗೆ ಹಾಕಿಕೊಳ್ಳುತ್ತಾಳೆ ಅಂತ ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಮೂರು ವರ್ಷದ ಹಿಂದೆ ಆ ಬಿಲ್ಲುಗಳನ್ನು ಇಟ್ಟುಕೊಂಡಿರದಿದ್ದರೆ ದುಡ್ಡು ಎಲ್ಲಿ ಸೋರಿತು ಅಂತ ನನಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಆಗ ನಾವು ಆರು ಜನ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿದ್ದೆವು. ಯಾವ ಪಾರ್ಕು ಅಂತ ಬೇಡ ಬಿಡಿ. ನಾನು, ಯಜಮಾನರು, ಅತ್ತೆ, ಮಗಳು, ಮಗ, ತಂಗಿಯ ಮಗ. ಟಿಕೆಟ್ ದುಬಾರಿ ಅಂತ ಗೊತ್ತಿತ್ತು, ಅದಕ್ಕೆ ತಯಾರಾಗಿಯೇ ಹೋಗಿದ್ದೆವು. ಆದರೆ ರಾತ್ರಿ ಮನೆಗೆ ಬಂದು ಬಿಲ್ಲು ಕೂಡಿಸಿದರೆ ಬರೀ ಬಾಯಿಗೆ 2,760 ರೂಪಾಯಿ ಹೋಗಿತ್ತು. ಅದರಲ್ಲಿ ಮಧ್ಯಾಹ್ನದ ಊಟಕ್ಕೆ ಎಷ್ಟು ಗೊತ್ತಾ? 1,080. ಉಳಿದ 1,680 ಊಟವೇ ಅಲ್ಲ. ಎಂಟು ಬಾಟಲಿ ನೀರು, ಎರಡು ಸಲ ಐಸ್‌ಕ್ರೀಮು, ಜ್ಯೂಸು, ಪಾಪ್‌ಕಾರ್ನು, ಆಲೂಗಡ್ಡೆ ಫ್ರೈ, ನಮ್ಮ ಮೂವರ ಟೀ. ಜೊತೆಗೆ ಅಲ್ಲಿ ಎಲ್ಲದಕ್ಕೂ ಒಂದು ಕಾರ್ಡಿಗೆ ದುಡ್ಡು ತುಂಬಿಸಬೇಕಿತ್ತು. ಅದರಲ್ಲಿ 140 ರೂಪಾಯಿ ಉಳಿದಿತ್ತು, ವಾಪಸ್ ತಗೊಳ್ಳೋ ಕೌಂಟರಿನಲ್ಲಿ ಹನುಮಂತನ ಬಾಲದಷ್ಟು ಸಾಲು. ಮಗ ನಿಂತಲ್ಲೇ ತೂಕಡಿಸುತ್ತಿದ್ದ, ಬಿಟ್ಟು ಬಂದೆವು.

ಊಟಕ್ಕೆ ಜಿಪುಣತನ ಮಾಡಿ ಏನೂ ಉಳಿಯುವುದಿಲ್ಲ ಅಂತ ನನಗೆ ಅವತ್ತೇ ಗೊತ್ತಾಯಿತು. ದುಡ್ಡು ಹೋಗುವುದು ಊಟದ ಆಚೆ ಈಚೆ. ಹೋದ ವರ್ಷ ಏಪ್ರಿಲ್‌ನಲ್ಲಿ ಅದೇ ಆರು ಜನ ವಂಡರ್‌ಲಾಗೆ ಹೋದಾಗ ಆ ಆಚೆ ಈಚೆಯದನ್ನೇ ಹಿಡಿದು ಕೆಲಸ ಮಾಡಿದೆ. ಹೇಗೆ ಅಂತ ಹೇಳುತ್ತೇನೆ.

ಬೆಳಗ್ಗೆ ಹೊಟ್ಟೆ, ಆಮೇಲೆ ಗೇಟು

ವಂಡರ್‌ಲಾ ಇರುವುದು ಮೈಸೂರು ರಸ್ತೆಯಲ್ಲಿ, ಬಿಡದಿಯ ಹತ್ತಿರ. ಬೆಂಗಳೂರಿಂದ ಸುಮಾರು 28 ಕಿಲೋಮೀಟರ್. 2005ರಿಂದ ಇದೆ. ಪಾರ್ಕು ತೆರೆಯುವುದು ಸಾಮಾನ್ಯವಾಗಿ ಬೆಳಗ್ಗೆ 11ಕ್ಕೆ. ತುಂಬಾ ಜನ ಇದನ್ನು ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ. ಬೆಳಗ್ಗೆ ಆರಕ್ಕೆ ಮನೆಯಲ್ಲಿ ಎರಡು ಬ್ರೆಡ್ಡು ತಿಂದು, ಹತ್ತೂವರೆಗೆ ಗೇಟಿನಲ್ಲಿ ನಿಂತು, ಹನ್ನೊಂದೂ ಕಾಲಕ್ಕೆ ಒಳಗೆ ಹೋಗುವಷ್ಟರಲ್ಲಿ ಮಕ್ಕಳಿಗೆ ಹಸಿವು. ಕಣ್ಣಿಗೆ ಬಿದ್ದ ಮೊದಲ ಅಂಗಡಿಗೇ ಶರಣು.

ನಾವು ಮಕ್ಕಳನ್ನು ಬೆಳಗ್ಗೆ ಆರಕ್ಕೆ ಎಬ್ಬಿಸಿ, ಬರೀ ಹಾಲು ಕುಡಿಸಿ ಹೊರಟೆವು. ಒಂಬತ್ತೂವರೆ ಹೊತ್ತಿಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ.

ಇಲ್ಲಿ ಒಂದು ಎಚ್ಚರಿಕೆ. ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತಲ್ಲ, ಅದು ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮೇಲಿನ ರಸ್ತೆಯಲ್ಲೇ ಬಂದರೆ ಇಡ್ಲಿಯ ಆವಿಯೂ ನಿಮಗೆ ಕಾಣುವುದಿಲ್ಲ. ಹಳೇ ರಸ್ತೆಗೆ ಇಳಿಯಬೇಕು. ಟೋಲೂ ಇರುವುದಿಲ್ಲ, ಅದು ಬೇರೆ ಲಾಭ. ಬೆಂಗಳೂರಿಂದ ಬರುವವರಿಗೆ ವಂಡರ್‌ಲಾ ಮೊದಲು ಸಿಗುತ್ತದೆ, ಬಿಡದಿ ಆಮೇಲೆ. ಸ್ವಲ್ಪ ಮುಂದೆ ಹೋಗಿ ತಿಂದು ವಾಪಸ್ ಬನ್ನಿ. ಪೆಟ್ರೋಲ್ ದಂಡ ಅನ್ನಬೇಡಿ. ಒಳಗೆ ಕೊಳ್ಳುವ ಎರಡು ಸಮೋಸದ ದುಡ್ಡಿಗಿಂತ ಕಮ್ಮಿಯೇ ಆಗುತ್ತದೆ.

ತಟ್ಟೆ ಇಡ್ಲಿಯೇ ಯಾಕೆ ಅಂದರೆ, ಅದು ನಿಲ್ಲುತ್ತದೆ. ಹೆಸರೇ ಹೇಳುವಂತೆ ಹಿಟ್ಟನ್ನು ಸಣ್ಣ ತಟ್ಟೆಗಳಲ್ಲಿ ಹುಯ್ದು ಒಂದರ ಮೇಲೊಂದು ಜೋಡಿಸಿ ಬೇಯಿಸುತ್ತಾರೆ. ಅಂಗೈ ಅಗಲ, ಮೆತ್ತಗೆ, ಮೇಲೆ ಒಂದು ಉಂಡೆ ಬೆಣ್ಣೆ. ಎರಡು ತಿಂದರೆ ದೊಡ್ಡವರಿಗೂ ಮಧ್ಯಾಹ್ನ ಎರಡರ ತನಕ ಯೋಚನೆ ಇಲ್ಲ. ಎಣ್ಣೆಯದಲ್ಲ, ಆಮೇಲೆ ಗಿರಗಿಟ್ಲೆ ಥರ ತಿರುಗಿಸಿದರೂ ಹೊಟ್ಟೆ ತೊಳಸುವುದಿಲ್ಲ. ಹಿಂದಿನ ಸಲ ನನ್ನ ಮಗ ಪೂರಿ ಸಾಗು ತಿಂದು ಮೊದಲ ಆಟದಲ್ಲೇ ಕಾರಿಕೊಂಡಿದ್ದ. ತಿಂದದ್ದೂ ಹೋಯಿತು, ಅಂಗಿಯೂ ಹೋಯಿತು, ಮತ್ತೆ ಹಸಿವಾಗಿ ಇನ್ನೊಂದು ಬಿಲ್ಲು. ಈ ಸಲ ಆರು ಜನಕ್ಕೆ ಇಡ್ಲಿ, ದೊಡ್ಡವರಿಗೆ ಕಾಫಿ, ಅತ್ತೆಗೆ ಒಂದು ವಡೆ. 430 ರೂಪಾಯಿ.

ಗೇಟಿನ ಕಥೆ

ವಂಡರ್‌ಲಾದಲ್ಲಿ ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ಬ್ಯಾಗು ನೋಡುತ್ತಾರೆ. ಕದ್ದು ಒಯ್ಯುವ ಉಪಾಯ ಏನಾದರೂ ಹೇಳುತ್ತಾಳೆ ಅಂತ ಕಾಯುತ್ತಿದ್ದರೆ, ಇಲ್ಲ. ನಮ್ಮ ಅತ್ತೆ ಆ ಪ್ರಯತ್ನ ಮಾಡಿ ಆಗಿದೆ.

ಅವರು ಹಿಂದಿನ ದಿನ ಕೋಡುಬಳೆ ಮಾಡಿದ್ದರು. ನಾನು ಕಾರಲ್ಲೇ ಬಿಡಿ ಅಂತ ಎರಡು ಸಲ ಹೇಳಿದ್ದೆ. ಹೂಂ ಅಂದಿದ್ದರು. ಗೇಟಿನಲ್ಲಿ ನೋಡಿದರೆ ಬದಲಿ ಸೀರೆಯ ಮಡಿಕೆಯೊಳಗೆ ಸ್ಟೀಲ್ ಡಬ್ಬಿ. ಬ್ಯಾಗು ನೋಡುತ್ತಿದ್ದ ಹುಡುಗ ಪಾಪ ನಯವಾಗಿಯೇ, "ಅಜ್ಜಿ, ಇದು ಬಿಡಂಗಿಲ್ಲ" ಅಂದ. ಅತ್ತೆ, "ಯಾಕಪ್ಪಾ, ಕೋಡುಬಳೆ ಒಳಗೆ ಬಾಂಬ್ ಇಟ್ಟಿವ್ನಿ ಅನ್ಕೊಂಡ್ಯಾ?" ಅಂದರು. ಹಿಂದಿನ ಸಾಲಿನವರೆಲ್ಲ ನಕ್ಕರು. ಮಗಳು ನಾಚಿಕೆಯಿಂದ ಬೇರೆ ಕಡೆ ಮುಖ ತಿರುಗಿಸಿಕೊಂಡಳು. ಯಜಮಾನರು ಡಬ್ಬಿ ಹಿಡಿದು ಪಾರ್ಕಿಂಗಿಗೆ ಹೋಗಿ ಬರಲು ಕಾಲು ಗಂಟೆ.

ಚಿಕ್ಕ ಕೂಸಿನ ಆಹಾರಕ್ಕೆ ತಡೆ ಇಲ್ಲ. ರಾಗಿ ಸರಿ, ಹಾಲಿನ ಬಾಟಲಿ ಧೈರ್ಯವಾಗಿ ತಗೊಂಡು ಹೋಗಿ. ಸಕ್ಕರೆ ಕಾಯಿಲೆ ಇರುವವರು ಜೊತೆಗಿದ್ದರೆ ಡಾಕ್ಟರ ಚೀಟಿ ಕೈಯಲ್ಲಿಟ್ಟುಕೊಂಡು ಗೇಟಿನಲ್ಲೇ ಮೊದಲು ಹೇಳಿ. ಸಿಕ್ಕಿಬಿದ್ದ ಮೇಲೆ ಹೇಳುವುದಕ್ಕೂ ಮೊದಲೇ ಹೇಳುವುದಕ್ಕೂ ವ್ಯತ್ಯಾಸ ಇದೆ. ಒಮ್ಮೆ ಒಳಗೆ ಹೋದವರು ಮಧ್ಯೆ ಹೊರಗೆ ಬಂದು ಮತ್ತೆ ಹೋಗಬಹುದಾ ಅಂತಲೂ ಅಲ್ಲೇ ಕೇಳಿಬಿಡಿ. ಇದು ಎಲ್ಲ ಪಾರ್ಕುಗಳಲ್ಲೂ ಒಂದೇ ಥರ ಇರುವುದಿಲ್ಲ.

ನೀರು ಮಾತ್ರ ಬೇರೆ ವಿಷಯ. ಒಳಗೆ ಕುಡಿಯುವ ನೀರು ಪುಕ್ಕಟೆ ಸಿಗುತ್ತದೆ. ಖಾಲಿ ಬಾಟಲಿ ಒಯ್ಯಿರಿ, ಒಬ್ಬೊಬ್ಬರಿಗೆ ಒಂದೊಂದು. ನಮ್ಮ ಹಿಂದಿನ ಸಲದ ಎಂಟು ಬಾಟಲಿ ನೀರಿನ ದುಡ್ಡಿನಲ್ಲಿ ಒಂದು ಮೂಟೆ ಸೌದೆ ಬರುತ್ತಿತ್ತು ಅಂತ ಅತ್ತೆ ಈಗಲೂ ಹೇಳುತ್ತಾರೆ. ಅಂದ ಹಾಗೆ, ಸಿನಿಮಾ ಹಾಲಿನವರು ಹೊರಗಿನ ತಿಂಡಿ ಬೇಡ ಅನ್ನಬಹುದು, ಆದರೆ ಶುದ್ಧ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಕೂಸಿನ ಆಹಾರ ಬಿಡಬೇಕು ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿತು. ಅದು ಹೇಳಿದ್ದು ಸಿನಿಮಾ ಹಾಲಿನ ಬಗ್ಗೆ, ಪಾರ್ಕಿನ ಬಗ್ಗೆ ಅಲ್ಲ. ಆದರೂ ಯಾವ ಪಾರ್ಕಿಗೆ ಹೋದರೂ ಕುಡಿಯುವ ನೀರು ಎಲ್ಲಿದೆ ಅಂತ ಮೊದಲು ಕೇಳುವುದು ನನಗೆ ಅಭ್ಯಾಸವಾಗಿದೆ. ಕೇಳದೆ ಹೋದರೆ ಕಣ್ಣಿಗೆ ಬೀಳುವುದು ನಲ್ಲಿಯಲ್ಲ, ಫ್ರಿಜ್ಜು.

ಒಳಗೆ ಒಂದೇ ಊಟ, ಅದೂ ತಡವಾಗಿ

ಹನ್ನೊಂದರಿಂದ ಮಧ್ಯಾಹ್ನದವರೆಗೆ ಒಣ ಆಟಗಳು, ಆಮೇಲೆ ನೀರಿನ ಆಟಗಳು, ನೀರಿಂದ ಎದ್ದ ಮೇಲೆ ಊಟ. ನಾವು ಊಟಕ್ಕೆ ಕೂತಾಗ ಎರಡೂ ಮುಕ್ಕಾಲು. ಒಂದರಿಂದ ಎರಡರವರೆಗೆ ಹೋಟೆಲುಗಳ ಮುಂದೆ ಜನವೋ ಜನ. ಆ ಹೊತ್ತಿಗೆ ಆಟಗಳ ಸಾಲು ಸ್ವಲ್ಪ ಕರಗುತ್ತದೆ, ಹಾಗಾಗಿ ಎರಡು ಕಡೆ ಲಾಭ.

ನೀರಿಗೆ ಇಳಿದವರಿಗೆ ಎಂಥಾ ಹಸಿವಾಗುತ್ತದೆ ಅಂತ ನಿಮಗೆ ಗೊತ್ತಿರಬಹುದು. ಕಾವೇರಿಯಲ್ಲಿ ಒಂದು ಗಂಟೆ ಬಿದ್ದೆದ್ದು ಬಂದ ಹುಡುಗರನ್ನು ನೋಡಿ, ಕಲ್ಲು ಕೊಟ್ಟರೂ ತಿನ್ನುತ್ತಾರೆ. ಊಟ ಮಾಡಿ ನೀರಿಗೆ ಹೋದರೆ ಎದ್ದು ಬಂದ ಮೇಲೆ ಇನ್ನೊಂದು ಊಟ ಬೇಕು. ನೀರಾಡಿ ಬಂದು ತಿಂದರೆ ಒಂದರಲ್ಲೇ ಮುಗಿಯುತ್ತದೆ.

ಆರು ಜನ ಅಂತ ಆರು ಪ್ಲೇಟ್ ಹೇಳಬೇಡಿ. ಮೊದಲು ಮೂರು ಹೇಳಿ, ಖಾಲಿ ತಟ್ಟೆ ಎರಡು ಕೇಳಿ, ಹಂಚಿಕೊಂಡು ತಿನ್ನಿ. ಸಾಲದಿದ್ದರೆ ಇನ್ನೊಂದು. ಹಿಂದಿನ ಸಲ ನನ್ನ ಮಗ ತನಗೇ ಬೇರೆ ಪ್ಲೇಟ್ ಬೇಕು ಅಂತ ಹಟ ಮಾಡಿ, ನಾಲ್ಕು ತುತ್ತು ತಿಂದು ಬಿಟ್ಟ. ಅದನ್ನು ಯಜಮಾನರು ತಿಂದರು. ಅವರ ಪ್ಲೇಟನ್ನು ಯಾರೂ ತಿನ್ನಲಿಲ್ಲ. ಮೆನುವಿನಲ್ಲಿರುವ ಬೆಲೆಯ ಮೇಲೆ ಜಿಎಸ್‌ಟಿ ಬೇರೆಯಾ ಅಂತಲೂ ನೋಡಿಕೊಳ್ಳಿ.

ಆನ್‌ಲೈನ್‌ನಲ್ಲಿ ಟಿಕೆಟ್ ಮಾಡುವಾಗ ಊಟ ಸೇರಿಸಿದ ಕಾಂಬೊ ತೋರಿಸುತ್ತದೆ. ತಗೊಳ್ಳಬೇಕಾ ಬೇಡವಾ? ನಿಮ್ಮ ಜೊತೆ ಬರುವವರ ಹೊಟ್ಟೆ ನೋಡಿ ಹೇಳಬೇಕು. ಹದಿನಾರು, ಹದಿನೆಂಟು ವಯಸ್ಸಿನ ಹುಡುಗರ ಗುಂಪಾದರೆ ಕಣ್ಣು ಮುಚ್ಚಿ ಬಫೆ ತಗೊಳ್ಳಿ, ಅವರು ಪಾರ್ಕಿನವರಿಗೇ ನಷ್ಟ ಮಾಡುತ್ತಾರೆ. ನಮ್ಮದು ಹಾಗಲ್ಲ. ಅತ್ತೆ ತಿನ್ನುವುದು ಒಂದು ಹಿಡಿ. ಮಗನಿಗೆ ಬಿಳಿ ಅನ್ನ, ಮೊಸರು, ಅಷ್ಟೇ. ತಲೆಗೊಂದು ಲೆಕ್ಕದಲ್ಲಿ ಇವರಿಗೆ ದುಡ್ಡು ಕೊಟ್ಟರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಮಕ್ಕಳ ಕೈಗೇ ದುಡ್ಡು

ಸೋರಿಕೆ ನಿಲ್ಲಿಸಿದ್ದು ಇದೇ. ಬಿಡದಿಯಲ್ಲಿ ಇಡ್ಲಿ ತಿಂದು ಕೈ ತೊಳೆದ ಮೇಲೆ ಮೂವರು ಮಕ್ಕಳಿಗೂ ತಲಾ 100 ರೂಪಾಯಿ ಅಂತ ಹೇಳಿದೆ. "ಊಟ ನಮ್ಮದು. ಸಾಯಂಕಾಲ ಒಂದು ಐಸ್‌ಕ್ರೀಮು ನಮ್ಮದು. ಬೇರೆ ಏನೇ ಬೇಕಿದ್ದರೂ ಇದರಲ್ಲಿ. ಉಳಿದರೆ ನಿಮ್ಮದೇ."

ಮಗನ ದುಡ್ಡು ಹನ್ನೆರಡು ಗಂಟೆಗೆ ಮುಗಿಯಿತು. ಬಣ್ಣ ಬಣ್ಣದ ಏನೋ ಒಂದು ಕುಡಿದ, ನಾಲಿಗೆ ನೀಲಿ ಮಾಡಿಕೊಂಡು ಬಂದ. ಮಗಳು ನಾಲ್ಕು ಗಂಟೆಯವರೆಗೆ ಕಾದು, ಮೂರು ಅಂಗಡಿ ಸುತ್ತಿ, ಬೆಲೆ ಹೋಲಿಸಿ ಒಂದು ಜೋಳ ತಗೊಂಡಳು. ನನ್ನ ಮಗಳೇ ಸರಿ. ತಂಗಿಯ ಮಗ ಒಂದು ಪೈಸೆ ಖರ್ಚು ಮಾಡಲಿಲ್ಲ. ಮನೆಗೆ ಹೋಗಿ ಕ್ರಿಕೆಟ್ ಬಾಲ್ ತಗೊಂಡನಂತೆ.

ಮುಖ್ಯ ಏನಂದರೆ, ಅವತ್ತು "ಅಮ್ಮಾ ಅದು ಕೊಡ್ಸು" ಅನ್ನುವ ಮಾತು ಮಧ್ಯಾಹ್ನ ಹನ್ನೆರಡರ ನಂತರ ಕೇಳಲೇ ಇಲ್ಲ. ಮಗ ಒಂದು ಸಲ ಬಾಯಿ ತೆರೆದ. ಅಕ್ಕ, "ನಿನ್ನ ನೂರು ಎಲ್ಲೋ?" ಅಂದಳು. ಬಾಯಿ ಮುಚ್ಚಿತು. ನಾನು ಬೇಡ ಅನ್ನಬೇಕಾಗಿಯೇ ಬರಲಿಲ್ಲ. ಅಷ್ಟು ದುಡ್ಡು ಕೊಟ್ಟು ಒಳಗೆ ಹೋಗಿ ದಿನವಿಡೀ ಬೇಡ ಬೇಡ ಅನ್ನುತ್ತಾ ತಿರುಗುವುದು ಯಾರಿಗೆ ಬೇಕು?

ಇನ್ನೊಂದು, ಸಾಲಿನಲ್ಲಿ ನಿಂತಾಗ ಮಕ್ಕಳು ಹಸಿವು ಅನ್ನುವುದು ಮುಕ್ಕಾಲು ಪಾಲು ಬೇಜಾರು. ಬಾಟಲಿ ಕೊಡಿ, ಅಂತ್ಯಾಕ್ಷರಿ ಹಾಡಿಸಿ. ಆಟ ಹತ್ತಿ ಇಳಿದ ಮೇಲೆ ಆ ಹಸಿವು ಇರುವುದಿಲ್ಲ.

ಕಾರ್ಡಿಗೋ ಕೈಪಟ್ಟಿಗೋ ದುಡ್ಡು ತುಂಬಿಸುವ ವ್ಯವಸ್ಥೆ ಇರುವ ಕಡೆ ಸ್ವಲ್ಪ ಸ್ವಲ್ಪವೇ ತುಂಬಿಸಿ. ಉಳಿದದ್ದನ್ನು ಸಾಯಂಕಾಲ ಎಲ್ಲರೂ ಹೊರಡುವ ಹೊತ್ತಿಗೆ ಅಲ್ಲ, ಅರ್ಧ ಗಂಟೆ ಮೊದಲೇ ವಾಪಸ್ ತಗೊಳ್ಳಿ. ನನ್ನ 140 ರೂಪಾಯಿ ಕಲಿಸಿದ ಪಾಠ.

ಡಿಕ್ಕಿಯಲ್ಲಿ ಇರಬೇಕಾದ್ದು

ಪಾರ್ಕಿಂದ ಹೊರಗೆ ಬರುವ ಹೊತ್ತಿಗೆ ಎಲ್ಲರಿಗೂ ಮತ್ತೆ ಹಸಿವು. ದಣಿದ ಮಕ್ಕಳನ್ನು ಕಟ್ಟಿಕೊಂಡು ಹೈವೇ ಹೋಟೆಲಿಗೆ ಹೋದರೆ ಉಳಿಸಿದ್ದೆಲ್ಲ ಅಲ್ಲಿ ಹೋಗುತ್ತದೆ. ಅದಕ್ಕೇ ರಾತ್ರಿಯ ಬುತ್ತಿ ಕಾರಿನಲ್ಲೇ ಇರಬೇಕು. ಆದರೆ ಏಪ್ರಿಲ್ ಬಿಸಿಲಿನಲ್ಲಿ ದಿನವಿಡೀ ನಿಂತ ಕಾರು ಅಂದರೆ ಒಲೆಯೇ. ಹಿಂದಿನ ಸಲ ನಾನು ಚಿತ್ರಾನ್ನಕ್ಕೆ ಕಾಯಿತುರಿ ಹಾಕಿದ್ದೆ. ಸಾಯಂಕಾಲ ಮುಚ್ಚಳ ತೆಗೆದರೆ ನೂಲು ನೂಲು. ಹೊರಗೆ ಚೆಲ್ಲಿದೆವು.

ಈ ಸಲ ಪುಳಿಯೋಗರೆ. ಅದರಲ್ಲೂ ಕೆಲವು ಸೂಕ್ಷ್ಮ ಇದೆ. ಗೊಜ್ಜನ್ನು ಎರಡು ದಿನ ಮೊದಲೇ ಮಾಡಿಡಿ, ಹುಣಸೆ ರಸ ಗಟ್ಟಿಯಾಗಿ ಎಣ್ಣೆ ಬಿಡುವ ತನಕ ಕುದಿಸಬೇಕು. ಅವಸರ ಮಾಡಿದರೆ ಹಸಿ ನೀರು ಉಳಿಯುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಅನ್ನಕ್ಕಿಟ್ಟೆ, ಮಾಮೂಲಿಗಿಂತ ನೀರು ಸ್ವಲ್ಪ ಕಮ್ಮಿ. ಬೆಂದ ಅನ್ನವನ್ನು ದೊಡ್ಡ ತಾಂಬಾಳಕ್ಕೆ ಹರವಿ, ಎಳ್ಳೆಣ್ಣೆ ಎರಡು ಸೌಟು, ಚಿಟಿಕೆ ಅರಿಶಿನ, ಫ್ಯಾನ್ ಕೆಳಗೆ ಇಟ್ಟೆ. ಪೂರ್ತಿ ಆರಿದ ಮೇಲೆ ಗೊಜ್ಜು ಕಲಸಿದೆ. ಗೊಜ್ಜು ಸಾಮಾನ್ಯಕ್ಕಿಂತ ಒಂದು ಸೌಟು ಜಾಸ್ತಿಯೇ ಇರಲಿ, ಸಾಯಂಕಾಲದ ಹೊತ್ತಿಗೆ ಅನ್ನ ಹೀರಿಕೊಂಡಿರುತ್ತದೆ.

ಬಿಸಿ ಇರುವಾಗ ಮಾತ್ರ ಡಬ್ಬಿಗೆ ತುಂಬಿ ಮುಚ್ಚಬೇಡಿ. ಆವಿ ಮುಚ್ಚಳಕ್ಕೆ ತಗುಲಿ ನೀರಾಗಿ ಅನ್ನದ ಮೇಲೆ ತೊಟ್ಟಿಕ್ಕುತ್ತದೆ, ಹಳಸುವುದು ಅಲ್ಲಿಂದಲೇ ಶುರು. ಕಾಯಿ ಬೇಡವೇ ಬೇಡ. ಹುರಿದ ಕಡಲೆಬೀಜ ಬೇರೆ ಪೊಟ್ಟಣದಲ್ಲಿ ಇರಲಿ, ತಿನ್ನುವಾಗ ಹಾಕಿಕೊಂಡರೆ ಕಟುಮ್ ಅನ್ನುತ್ತದೆ. ಒಳಗೇ ಹಾಕಿದರೆ ಸಾಯಂಕಾಲಕ್ಕೆ ಒದ್ದೆ ಚಪ್ಪಲಿ. ಡಬ್ಬಿಯನ್ನು ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಇಟ್ಟು, ಕಾರನ್ನು ಆದಷ್ಟು ನೆರಳಲ್ಲಿ ನಿಲ್ಲಿಸಿ. ಸಾಯಂಕಾಲ ತೆರೆದ ಕೂಡಲೇ ಮೊದಲು ಮೂಸಿ ನೋಡಿ. ಒಂಚೂರು ಅನುಮಾನ ಬಂದರೂ ಚೆಲ್ಲಿ, ಆಸ್ಪತ್ರೆಗಿಂತ ಹೋಟೆಲು ಅಗ್ಗ.

ಮೊಸರನ್ನ ಬೇಡವಾ ಅಂತ ಕೇಳುತ್ತೀರಿ. ಹಾಲು ಜಾಸ್ತಿ ಹಾಕಿ, ಒಂದು ಚಮಚ ಮೊಸರು ಬೆರೆಸಿ ಒಯ್ದರೆ ಮಧ್ಯಾಹ್ನಕ್ಕೆ ಹದವಾಗಿ ಹೆಪ್ಪಾಗುತ್ತದೆ, ನಿಜ. ಅದು ರೈಲಿನ ಊಟಕ್ಕೆ ಸರಿ. ಬೇಸಿಗೆಯಲ್ಲಿ ಕಾರಿನೊಳಗೆ ಸಾಯಂಕಾಲದ ತನಕ ಇಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ಡಿಸೆಂಬರ್‌ನಲ್ಲಿ ಹೋದರೆ ನೋಡಿ.

ಇದರ ಜೊತೆ ಬರುವಾಗಲೇ ಮದ್ದೂರಿನಲ್ಲಿ ಕಟ್ಟಿಸಿಕೊಂಡ ವಡೆ. ಮದ್ದೂರು ವಡೆ ಉದ್ದಿನ ವಡೆ ಥರ ಅಲ್ಲ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿಯ ಅಗಲ ವಡೆ. ಸಾಯಂಕಾಲದ ತನಕ ಏನೂ ಆಗುವುದಿಲ್ಲ. ಚಟ್ನಿ ಮಾತ್ರ ಕಟ್ಟಿಸಿಕೊಳ್ಳಬೇಡಿ, ಅದು ಕಾಯಿಯದ್ದು.

ಕಾರಿಲ್ಲದೆ ಬಸ್ಸಿನಲ್ಲಿ ಹೋಗುವವರಿಗೆ ಈ ಡಿಕ್ಕಿಯ ಭಾಗ್ಯ ಇಲ್ಲ. ಅವರು ಬಿಡದಿಯಲ್ಲೇ ಎರಡು ಸಲ ಇಳಿಯಲಿ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸು ಪುಕ್ಕಟೆ, ಆ ದುಡ್ಡು ರಾತ್ರಿಯ ಇಡ್ಲಿಗೆ ಆಯಿತು.

ಲೆಕ್ಕ

ಬೆಳಗಿನ ಇಡ್ಲಿ 430. ಪುಳಿಯೋಗರೆಯ ಸಾಮಾನು, ವಡೆ, ಕೋಡುಬಳೆ ಎಲ್ಲ ಸೇರಿ 350. ಪಾರ್ಕಿನೊಳಗೆ ಮಕ್ಕಳ ಮುನ್ನೂರೂ ಸೇರಿ 1,060. ಒಟ್ಟು 1,840. ಈ ನಡುವೆ ಎಲ್ಲದರ ಬೆಲೆ ಏರಿದ ಮೇಲೂ ಹಿಂದಿನ ಸಲಕ್ಕಿಂತ 920 ಕಮ್ಮಿ. ಹಿಂದಿನ ಸಲದ 2,760ರಲ್ಲಿ ಬೆಳಗಿನ ತಿಂಡಿಯೂ ರಾತ್ರಿಯ ಊಟವೂ ಸೇರಿರಲಿಲ್ಲ ಅನ್ನುವುದನ್ನು ಯಜಮಾನರು ಆಮೇಲೆ ನೆನಪಿಸಿದರು. ಅವರೂ ಲೆಕ್ಕ ಕಲಿಯುತ್ತಿದ್ದಾರೆ.

ಸಾಯಂಕಾಲ ಆರೂವರೆ ಹೊತ್ತಿಗೆ ಪಾರ್ಕಿಂಗಿನಲ್ಲಿ ಡಿಕ್ಕಿ ತೆರೆದೆವು. ಮಕ್ಕಳ ತಲೆಗೂದಲು ಇನ್ನೂ ಒದ್ದೆ. ನಾನು ಪುಳಿಯೋಗರೆ ಮೂಸಿ, ಒಂದು ತುತ್ತು ತಿಂದು ನೋಡಿ, ತಟ್ಟೆ ಹಾಕುತ್ತಿದ್ದೆ. ಅಷ್ಟರಲ್ಲಿ ಯಾರೂ ಪುಳಿಯೋಗರೆಯ ಕಡೆ ನೋಡುತ್ತಲೇ ಇರಲಿಲ್ಲ. ಮೂವರೂ ಅಜ್ಜಿಯ ಡಬ್ಬಿಯ ಸುತ್ತ ನಿಂತಿದ್ದರು. ಅತ್ತೆ ಡಬ್ಬಿಯನ್ನು ಎದೆಗೆ ಒತ್ತಿ ಹಿಡಿದುಕೊಂಡು, ಒಬ್ಬೊಬ್ಬರಿಗೆ ನಾಲ್ಕು ನಾಲ್ಕು ಎಣಿಸಿ ಕೊಡುತ್ತಿದ್ದರು. ಐದನೆಯದಕ್ಕೆ ಕೈ ಚಾಚಿದ ಮಗನಿಗೆ, "ನಿನ್ನ ನೂರು ಎಲ್ಲೋ?" ಅಂದರು.